ಕೆಮಿಸ್ಟ್ರಿ ಯಾರ ಸೊತ್ತು?



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನದಿಂದ ನಮ್ಮ ಹಾಸ್ಟೆಲ್ಲುಗಳಲ್ಲಿ ಒಂದು ಉಪದೇಶ ಶುರುವಾಗುತ್ತದೆ. ‘ನಿಮಗ್ಯಾಕ್ರಪ್ಪಾ ಸೈನ್ಸು? ಸುಮ್ನೆ ಆರ್ಟ್ಸ್ ತಗೊಳ್ಳಿ, ಪಾಸಾಗ್ತೀರಿ, ಎಲ್ಲಾದ್ರೂ ಒಂದು ಸಣ್ಣ ಕೆಲ್ಸ ಸಿಗುತ್ತೆ.’ ಹೇಳುವವರು ಕೆಲವೊಮ್ಮೆ ಮೇಷ್ಟ್ರು, ಕೆಲವೊಮ್ಮೆ ವಾರ್ಡನ್ನು, ಕೆಲವೊಮ್ಮೆ ನಮ್ಮವರೇ ಆದ ಹಿರಿಯರು. ಎಲ್ಲರೂ ಕೆಟ್ಟ ಮನಸ್ಸಿನಿಂದ ಹೇಳುತ್ತಾರೆಂದು ನಾವು ಅನ್ನುವುದಿಲ್ಲ. ಆದರೆ ಈ ಉಪದೇಶದ ಹೊಟ್ಟೆಯೊಳಗೆ ಒಂದು ಹಳೆಯ ನಂಬಿಕೆ ಕೂತಿದೆ. ವಿಜ್ಞಾನ ಎನ್ನುವುದು ಅಗ್ರಹಾರದ ಸೊತ್ತು, ಕೇರಿಯ ಮಕ್ಕಳ ತಲೆಗೆ ಅದು ಹತ್ತುವುದಿಲ್ಲ ಎಂಬ ನಂಬಿಕೆ ಅದು. ಈ ನಂಬಿಕೆ ಸುಳ್ಳು. ಕೆಮಿಸ್ಟ್ರಿಯ ವಿಷಯದಲ್ಲಂತೂ ಹಸಿ ಸುಳ್ಳು. ಯಾಕೆ ಎಂದು ಹೇಳುತ್ತೇವೆ, ತಾಳ್ಮೆಯಿಂದ ಓದಿ.

ಹೈಸ್ಕೂಲಿನಲ್ಲಿ ನಮಗೆ ಕಲಿಸುವ ರಸಾಯನಶಾಸ್ತ್ರದಲ್ಲಿ ಏನಿದೆ? ಪರಮಾಣು, ಅಣು, ವೇಲೆನ್ಸಿ. ಸಮೀಕರಣ ಸರಿದೂಗಿಸುವುದು. ಆಮ್ಲ, ಪ್ರತ್ಯಾಮ್ಲ, ಲವಣ. ಲೋಹ, ಅಲೋಹ. ಕಾರ್ಬನ್ನು ಮತ್ತು ಅದರ ಸಂಯುಕ್ತಗಳು. ಸೋಪು ಹೇಗೆ ಕೊಳೆ ತೆಗೆಯುತ್ತದೆ, ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತದೆ, ಸುಣ್ಣ ಗೋಡೆಯ ಮೇಲೆ ಯಾಕೆ ಹೊಳೆಯುತ್ತದೆ, ಬ್ಲೀಚಿಂಗ್ ಪೌಡರ್ ಹೇಗೆ ತಯಾರಾಗುತ್ತದೆ. ಈ ಪಟ್ಟಿ ನೋಡಿ ಹೇಳಿ, ನಮ್ಮ ಕೇರಿಗೆ ಇಷ್ಟು ಹತ್ತಿರದ ಪಾಠ ಇನ್ನಾವುದಿದೆ? ಊರಿನ ಬಟ್ಟೆಯ ಕೊಳೆ ತೆಗೆದವರು, ಊರಿನ ಗೋಡೆಗೆ ಸುಣ್ಣ ಬಳಿದವರು, ಚರಂಡಿಯ ಬದಿಗೆ ಬ್ಲೀಚಿಂಗ್ ಪೌಡರ್ ಎರಚುತ್ತಾ ಹೋಗುವವರು ಯಾರು? ನಮ್ಮ ಅಪ್ಪ ಅವ್ವ, ಅಣ್ಣ ಅಕ್ಕ. ಪಾಠದ ವಸ್ತು ನಮ್ಮ ಮನೆಯದು. ಪಾಠ ಮಾತ್ರ ನಮ್ಮದಲ್ಲ ಎಂದು ನಂಬಿಸಲಾಗಿದೆ.

ನಂಬಿಸುವುದು ಹೇಗೆ? ಲ್ಯಾಬಿನ ಬೀಗದಿಂದ. ನಮ್ಮಲ್ಲಿ ಅನೇಕರು ಒಂದು ಪ್ರನಾಳವನ್ನೂ ಕೈಯಲ್ಲಿ ಹಿಡಿಯದೆ ಎಸ್.ಎಸ್.ಎಲ್.ಸಿ. ದಾಟಿದವರು. ಬೀರುವಿನ ಗಾಜಿನ ಹಿಂದೆ ಧೂಳು ಹಿಡಿದ ಬಾಟಲಿಗಳು, ಇನ್ಸ್‌ಪೆಕ್ಷನ್ ದಿನ ಮಾತ್ರ ಒರೆಸಿಟ್ಟ ಬೀಕರುಗಳು. ಹತ್ತಿರ ಹೋದರೆ ‘ಮುಟ್ಬೇಡ, ಒಡೆದುಬಿಟ್ಟೀಯ’ ಎಂಬ ಗದರಿಕೆ. ಮುಟ್ಟಬೇಡ ಎಂಬ ಮಾತು ನಮಗೆ ಹೊಸದಲ್ಲ ಬಿಡಿ. ಮುಟ್ಟದೆ ಕಲಿಯುವ ರಸಾಯನಶಾಸ್ತ್ರ ಎಂದರೆ ನೀರಿಗಿಳಿಯದೆ ಕಲಿಯುವ ಈಜು. ಗೈಡಿನಿಂದ ಉತ್ತರ ಕಕ್ಕಿಸುತ್ತಾರೆ. ‘ಹೈಡ್ರೋಜನ್ ಸಲ್ಫೈಡಿನ ವಾಸನೆ ಹೇಗಿರುತ್ತದೆ? ಕೊಳೆತ ಮೊಟ್ಟೆಯಂತೆ.’ ಒಂದು ಅಂಕ. ಆ ಒಂದು ಅಂಕದ ವಿಷಯಕ್ಕೆ ಆಮೇಲೆ ಬರುತ್ತೇವೆ.

ಕೈ ತಿಳಿದದ್ದು

ಮೊದಲು ಸುಣ್ಣ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದರೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಮತ್ತೆ ಹೀರಿಕೊಂಡು ಎರಡು ಮೂರು ದಿನದಲ್ಲಿ ತಿರುಗಿ ಸುಣ್ಣದ ಕಲ್ಲೇ ಆಗುತ್ತದೆ. ಪುಸ್ತಕದಲ್ಲಿ ಇದು ಮೂರು ಸಮೀಕರಣ. ಗೂಡಿನ ಮುಂದೆ ಕೂತವರಿಗೆ ಇದು ಕಣ್ಣಂದಾಜು, ಉರಿಯ ಅಂದಾಜು. ಕಲ್ಲು ಬೆಂದಿದೆಯೋ ಇಲ್ಲವೋ ಎಂದು ಅವರು ನೋಡಿಯೇ ಹೇಳುತ್ತಿದ್ದರು. ಅವರ ಬಳಿ ಸಮೀಕರಣ ಇರಲಿಲ್ಲ, ಸಮೀಕರಣದ ಎರಡೂ ಬದಿ ಇತ್ತು.

ತೊಗಲಿನ ಕೆಲಸ ಇದಕ್ಕಿಂತ ಬಹಳ ಆಳವಾದದ್ದು. ಸತ್ತ ದನದ ತೊಗಲು ನಮ್ಮ ಬಿಸಿಲಿನಲ್ಲಿ ಒಂದು ದಿನ ಬಿಟ್ಟರೆ ಕೊಳೆಯಲು ಹತ್ತುತ್ತದೆ. ಅದಕ್ಕೆ ಉಪ್ಪು ಹಾಕುತ್ತಾರೆ. ಉಪ್ಪು ತೊಗಲಿನ ನೀರನ್ನು ಎಳೆದುಕೊಳ್ಳುತ್ತದೆ, ನೀರಿಲ್ಲದೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಆಮೇಲೆ ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆ ಹಾಕುತ್ತಾರೆ. ಸುಣ್ಣ ಪ್ರತ್ಯಾಮ್ಲ. ಅದು ಕೂದಲಿನ ಬುಡವನ್ನು ಸಡಿಲ ಮಾಡುತ್ತದೆ, ತೊಗಲು ಉಬ್ಬುತ್ತದೆ, ಹೆರೆದರೆ ಕೂದಲು ಬರುತ್ತದೆ. ನಂತರ ಸುಣ್ಣವೆಲ್ಲ ಹೋಗುವಂತೆ ತೊಳೆದು ತೊಗಟೆಯ ರಸಕ್ಕೆ ಹಾಕುತ್ತಾರೆ. ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ. ಇವುಗಳಲ್ಲಿ ಟ್ಯಾನಿನ್ ಎಂಬ ವಸ್ತು ಇದೆ. ತೊಗಲಿನಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿವೆ. ಟ್ಯಾನಿನ್ನು ಈ ಎಳೆಗಳ ನಡುವೆ ಹೊಕ್ಕು ಅವನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಹಾಗೆ ಕಟ್ಟಿದ ಮೇಲೆ ಅದು ಕೊಳೆಯುವುದಿಲ್ಲ. ತೊಗಲು ಚರ್ಮವಾಯಿತು ಅಂತ ಅರ್ಥ.

ಇಲ್ಲಿ ಎರಡು ಮಾತು ಗಮನಿಸಿ. ತೊಗಟೆಯ ರಸ ಹದಕ್ಕೆ ಬಂದಿದೆಯೇ ಎಂದು ಬಾಯಿಗಿಟ್ಟರೆ ಗೊತ್ತಾಗುತ್ತದೆ. ಒಗರು ಎನ್ನುತ್ತೇವಲ್ಲ, ಹಸಿ ಬಾಳೆಕಾಯಿಯದು, ನೇರಳೆಯದು, ಅಡಿಕೆಯದು, ಅದು ಟ್ಯಾನಿನ್ನಿನ ಗುರುತು. ಟ್ಯಾನಿನ್ನು ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದು ಕಟ್ಟುವುದರಿಂದಲೇ ಬಾಯಿ ಒಣಗಿ ಹಿಡಿದಂತಾಗುತ್ತದೆ. ಬಾಯೊಳಗೆ ಆಗುವ ಕ್ರಿಯೆ, ಗುಂಡಿಯೊಳಗೆ ಆಗುವ ಕ್ರಿಯೆ ಒಂದೇ ಜಾತಿಯದು. ಎರಡನೆಯದು, ತೊಗಲನ್ನು ಮೊದಲು ತೆಳು ರಸಕ್ಕೆ ಹಾಕಿ ಆಮೇಲೆ ಗಟ್ಟಿ ರಸಕ್ಕೆ ಹಾಕಬೇಕು. ಮೊದಲೇ ಗಟ್ಟಿ ರಸಕ್ಕೆ ಹಾಕಿದರೆ ಮೇಲ್ಪದರ ಬಿಗಿದುಕೊಂಡು ರಸ ಒಳಗಿಳಿಯುವುದಿಲ್ಲ, ನಡುವಿನ ಭಾಗ ಹಸಿಯಾಗಿಯೇ ಉಳಿಯುತ್ತದೆ. ಪುಸ್ತಕ ಇದಕ್ಕೆ ಸಾರತೆ ಎನ್ನುತ್ತದೆ, ವಿಸರಣೆ ಎನ್ನುತ್ತದೆ. ಹಟ್ಟಿಯ ಮುದುಕ ಇದಕ್ಕೆ ಹದ ಎನ್ನುತ್ತಿದ್ದ. ಅವನು ಯಾವ ಶಾಲೆಗೂ ಹೋಗಿರಲಿಲ್ಲ. ಶಾಲೆ ಅವನನ್ನು ಒಳಗೆ ಬಿಟ್ಟಿರಲಿಲ್ಲ ಅನ್ನುವುದೇ ಸರಿ.

ಹಾಗೆ ಹದ ಮಾಡಿದ ಚರ್ಮದಿಂದಲೇ ಊರಿಗೆ ಎಕ್ಕಡ, ಎತ್ತಿಗೆ ಮಿಣಿ, ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲು. ಮೇಲ್ಜಾತಿಯವರ ಗದ್ದೆಗೆ ಆ ತೊಗಲಿನಲ್ಲೇ ನೀರು ಹರಿಯಿತು. ಹೊಲಿದು ಕೊಟ್ಟವನು ಮಾತ್ರ ಆ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ.

ಕೈ ಬೇರೆ, ತಲೆ ಬೇರೆ

ಇಷ್ಟು ತಿಳಿವಳಿಕೆ ಇದ್ದ ಕೈಗಳಿಂದ ಯಾಕೆ ಒಂದು ಶಾಸ್ತ್ರ ಹುಟ್ಟಲಿಲ್ಲ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ನಮ್ಮ ಚಳವಳಿಯವರಲ್ಲ. ಬಂಗಾಳದ ಜಮೀನ್ದಾರಿ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದ ಪ್ರಫುಲ್ಲಚಂದ್ರ ರಾಯ್. ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು ಅವರು ಎರಡು ಸಂಪುಟಗಳಲ್ಲಿ ಬರೆದರು. ಮೊದಲನೆಯದು ಬಂದದ್ದು ೧೯೦೨ರಲ್ಲಿ, ಎರಡನೆಯದು ೧೯೦೯ರಲ್ಲಿ. ಈ ನೆಲದಲ್ಲಿ ವಿಜ್ಞಾನ ಯಾಕೆ ಬಾಡಿತು ಎಂಬುದಕ್ಕೆ ಅವರು ಕೊಟ್ಟ ಮುಖ್ಯ ಕಾರಣ ಜಾತಿ. ಕೈಕಸುಬುಗಳನ್ನೆಲ್ಲ ಕೆಳಜಾತಿಗಳಿಗೆ ತಳ್ಳಿ, ಓದುವ ಜಾತಿಗಳು ವಸ್ತುವನ್ನು ಮುಟ್ಟುವುದನ್ನೇ ಬಿಟ್ಟವು. ಹಾಗಾಗಿ ಹೇಗೆ, ಯಾಕೆ ಎಂದು ಕೇಳುವ ಅಭ್ಯಾಸವೇ ಸತ್ತಿತು ಎಂಬುದು ಅವರ ವಾದ.

ಇದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದು ಮೈಯ ಕೈಯನ್ನು ಒಂದು ಕೇರಿಯಲ್ಲಿಟ್ಟರು, ತಲೆಯನ್ನು ಇನ್ನೊಂದು ಬೀದಿಯಲ್ಲಿಟ್ಟರು. ಕೈಗೆ ಅಕ್ಷರ ಕೊಡಲಿಲ್ಲ, ತಲೆಗೆ ಕೆಲಸ ಕೊಡಲಿಲ್ಲ. ಕೈ ತಾನು ಕಂಡದ್ದನ್ನು ಬರೆದಿಡಲಾರದೆ ಹೋಯಿತು. ತಲೆ ತಾನು ಕಾಣದ್ದನ್ನೇ ಬರೆಯುತ್ತಾ ಕೂತಿತು. ನಷ್ಟವಾದದ್ದು ಇಡೀ ದೇಶಕ್ಕೆ, ಶಿಕ್ಷೆಯಾದದ್ದು ಮಾತ್ರ ನಮಗೆ.

ಇಲ್ಲಿ ಒಂದು ಎಚ್ಚರಿಕೆ. ನಾವು ತೊಗಲಿನ ಗುಂಡಿಯನ್ನು ಹಾಡಿ ಹೊಗಳಲು ಹೊರಟಿಲ್ಲ. ‘ನಿಮ್ಮ ಕುಲಕಸುಬು ಎಷ್ಟು ಪವಿತ್ರವಪ್ಪಾ’ ಎಂದು ಬೆನ್ನು ತಟ್ಟಿ, ಮಗನನ್ನು ಮತ್ತೆ ಅದೇ ಗುಂಡಿಗೆ ಇಳಿಸುವ ಹುನ್ನಾರ ನಮಗೆ ಗೊತ್ತಿದೆ. ಆ ಗುಂಡಿಯಲ್ಲಿ ನಮ್ಮವರ ಚರ್ಮವೂ ಸುಣ್ಣಕ್ಕೆ ಸುಲಿದಿದೆ. ಅಲ್ಲಿಗೆ ಹಿಂತಿರುಗಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ನಾವು ಹೇಳುವುದು ಇಷ್ಟೇ: ಆ ಗುಂಡಿಯಲ್ಲಿದ್ದ ತಿಳಿವಳಿಕೆಯ ವಾರಸುದಾರರು ನೀವು. ಅದರ ಮುಂದಿನ ಭಾಗ ಇರುವುದು ಲ್ಯಾಬಿನಲ್ಲಿ. ೧೯೪೮ರಲ್ಲಿ ಮದರಾಸಿನಲ್ಲಿ ಸರ್ಕಾರ ಒಂದು ದೊಡ್ಡ ಚರ್ಮ ಸಂಶೋಧನಾಲಯ ಕಟ್ಟಿತು. ಚರ್ಮ ವಿಜ್ಞಾನವಾದ ದಿನ ಅದಕ್ಕೆ ಮೈಲಿಗೆ ಹೋಯಿತು, ಸಂಬಳ ಬಂತು, ಬಿಳಿ ಕೋಟು ಬಂತು. ಆ ಕೋಟಿನೊಳಗೆ ನಮ್ಮವರು ಎಷ್ಟು ಮಂದಿ ಎಂದು ಕೇಳುವುದು ನಮ್ಮ ಹಕ್ಕು.

ಒಂದು ಅಂಕದ ಪ್ರಶ್ನೆ

ಈಗ ಕೊಳೆತ ಮೊಟ್ಟೆಯ ವಿಷಯ.

ಚರಂಡಿಯ ಹೂಳಿನಲ್ಲಿ, ಮಲದ ಗುಂಡಿಯಲ್ಲಿ ಗಾಳಿಯಾಡುವುದಿಲ್ಲ. ಆಮ್ಲಜನಕವಿಲ್ಲದ ಕಡೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಕೊಳಚೆಯಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಈಗ ಒಂಬತ್ತನೇ ತರಗತಿಯ ಲೆಕ್ಕ ಮಾಡಿ. ಹೈಡ್ರೋಜನ್ ೧, ಅದು ಎರಡು. ಗಂಧಕ ೩೨. ಕೂಡಿದರೆ ೩೪. ಗಾಳಿಯ ಸರಾಸರಿ ಅಣುತೂಕ ಸುಮಾರು ೨೯. ಅಂದರೆ ಈ ಅನಿಲ ಗಾಳಿಗಿಂತ ಭಾರ. ಮೇಲೆ ಏಳದೆ ಮ್ಯಾನ್‌ಹೋಲಿನ ತಳದಲ್ಲೇ ಕೂರುತ್ತದೆ. ಮುಚ್ಚಳ ತೆಗೆದರೆ ಎಲ್ಲಾ ಹೋಗಿಬಿಡುತ್ತದೆ ಎಂದು ಮೇಸ್ತ್ರಿ ಹೇಳಿದರೆ ನಂಬಬೇಡಿ.

ಇನ್ನೊಂದು ವಿಷಯ ಗೈಡಿನಲ್ಲಿ ಇಲ್ಲ. ಈ ಅನಿಲ ಗಾಳಿಯಲ್ಲಿ ತೀರ ಕಮ್ಮಿ ಇದ್ದಾಗ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲಿನಷ್ಟಾದರೆ ಕೆಲವೇ ನಿಮಿಷಗಳಲ್ಲಿ ಮೂಗು ಸತ್ತುಹೋಗುತ್ತದೆ, ವಾಸನೆ ಗೊತ್ತಾಗುವುದಿಲ್ಲ. ‘ವಾಸನೆ ನಿಂತೋಯ್ತು, ಇನ್ನು ಇಳೀಬಹುದು’ ಎಂದುಕೊಂಡ ಗಳಿಗೆಯೇ ಸಾವಿನ ಗಳಿಗೆ. ಐನೂರು, ಸಾವಿರ ಪಾಲು ತಲುಪಿದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಜೀವಕೋಶಗಳು ಆಮ್ಲಜನಕವನ್ನು ಬಳಸುವ ದಾರಿಯನ್ನೇ ಇದು ಕಟ್ಟಿಬಿಡುತ್ತದೆ. ಸಯನೈಡೂ ಕೊಲ್ಲುವುದು ಇದೇ ದಾರಿಯಲ್ಲಿ. ಕೆಳಗೆ ಬಿದ್ದವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ಜೊತೆಗಾರ ಇಳಿಯುತ್ತಾನೆ. ಪತ್ರಿಕೆಯಲ್ಲಿ ಮೂರು ಸಾಲಿನ ಸುದ್ದಿ ಬರುತ್ತದೆ: ‘ಉಸಿರುಗಟ್ಟಿ ಮೂವರ ಸಾವು.’ ಉಸಿರುಗಟ್ಟಿಸಿದ್ದು ಯಾವುದು ಎಂದು ಬರೆಯುವುದಿಲ್ಲ, ಇಳಿಸಿದವರು ಯಾರು ಎಂದೂ ಬರೆಯುವುದಿಲ್ಲ.

ಬೆಂಕಿಕಡ್ಡಿ ಗೀರಿ ನೋಡುವ ಪದ್ಧತಿಯೂ ಉಂಟು. ದೀಪ ಆರಲಿಲ್ಲ ಅಂದರೆ ಆಮ್ಲಜನಕ ಇದೆ ಎಂದು ಮಾತ್ರ ಅರ್ಥ. ಮನುಷ್ಯನನ್ನು ಕೊಲ್ಲುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಅದೇ ಗುಂಡಿಯಲ್ಲಿ ಮೀಥೇನ್ ಇದ್ದರೆ ಸ್ಫೋಟವೇ ಆಗಬಹುದು.

ಈ ಒಂದು ಅಂಕದ ಪ್ರಶ್ನೆಯ ಪೂರ್ತಿ ಉತ್ತರ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು? ಯಾರಿಗೆ ಬೇಕಿತ್ತೋ ಅವರನ್ನು ಶಾಲೆಯಿಂದ ದೂರ ಇಟ್ಟರು. ಯಾರಿಗೆ ಶಾಲೆ ಕೊಟ್ಟರೋ ಅವರು ಎಂದೂ ಆ ಗುಂಡಿಗೆ ಇಳಿಯುವವರಲ್ಲ, ಅವರಿಗೆ ಒಂದು ಅಂಕ ಸಾಕು. ಪುಸ್ತಕ ಬರೆದವರ ಮನಸ್ಸಿನಲ್ಲಿ ಓದುವ ಹುಡುಗ ಯಾರು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಕಾನೂನು ಇಲ್ಲವೆಂದಲ್ಲ. ಮಲ ಹೊರುವುದನ್ನು ನಿಷೇಧಿಸುವ ಕಾಯ್ದೆ ೧೯೯೩ರಲ್ಲಿ ಬಂತು. ೨೦೧೩ರ ಕಾಯ್ದೆ, ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗೆ, ಮಲದ ಗುಂಡಿಗೆ ಇಳಿಸುವುದೇ ಅಪರಾಧ ಎಂದಿತು. ಮೊದಲ ಸಲದ ತಪ್ಪಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟು ೨೦೧೪ರಲ್ಲಿ ಹತ್ತು ಲಕ್ಷ ಪರಿಹಾರ ಎಂದಿತು, ೨೦೨೩ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರುತ್ತಿದೆ, ಸಾವು ನಿಂತಿಲ್ಲ. ಹಾಸ್ಟೆಲ್ಲಿನ ಹುಡುಗರು ರಜೆಗೆ ಊರಿಗೆ ಹೋದಾಗ ಮಾಡಬಹುದಾದ ಕೆಲಸ ಇದು: ಮೇಲಿನ ಲೆಕ್ಕವನ್ನು ಮನೆಯವರಿಗೆ ಹೇಳಿ. ೩೪ ಮತ್ತು ೨೯ರ ವ್ಯತ್ಯಾಸ ಹೇಳಿ. ಯಾರು ಎಷ್ಟು ದುಡ್ಡು ಕೊಡುತ್ತೇನೆಂದರೂ ಇಳಿಯಬೇಡಿ, ಬಿದ್ದವರನ್ನು ಎತ್ತಲು ಸಹ ಬರಿಗೈಯಲ್ಲಿ ಇಳಿಯದೆ ೧೧೨ಕ್ಕೆ ಫೋನ್ ಮಾಡಿ ಎಂದು ಹೇಳಿ.

ಬ್ಲೀಚಿಂಗ್ ಪೌಡರಿನದೂ ಇದೇ ಕತೆ. ಪಾಯಿಖಾನೆ ತೊಳೆಯುವ ಅಕ್ಕಂದಿರಿಗೆ ಒಂದು ಕೈಯಲ್ಲಿ ಬ್ಲೀಚಿಂಗ್ ಪೌಡರು, ಇನ್ನೊಂದು ಕೈಯಲ್ಲಿ ಆಸಿಡ್ ಬಾಟಲಿ ಕೊಡುತ್ತಾರೆ. ಎರಡೂ ಒಟ್ಟಿಗೆ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ೧೯೧೫ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನಿಯ ಸೈನ್ಯ ಶತ್ರುಗಳ ಮೇಲೆ ಬಿಟ್ಟ ವಿಷಾನಿಲ ಇದೇ. ಎರಡನ್ನೂ ಬೆರೆಸಬೇಡಿ ಎಂದು ಹೇಳಲು ಎಂ.ಎಸ್ಸಿ. ಬೇಕಿಲ್ಲ. ಹತ್ತನೇ ತರಗತಿಯ ಪಾಠವನ್ನು ಅರ್ಥ ಮಾಡಿಕೊಂಡು ಓದಿದ ಒಬ್ಬ ತಂಗಿ ಮನೆಯಲ್ಲಿದ್ದರೆ ಸಾಕು.

ಯಾವುದು ಶುದ್ಧ, ಯಾವುದು ಅಶುದ್ಧ

ಕೆಮಿಸ್ಟ್ರಿ ನಮಗೆ ಕೊಡುವ ಇನ್ನೊಂದು ಆಯುಧ ಇದೆ. ಅದು ಶುದ್ಧ ಎಂಬ ಮಾತಿನ ಅರ್ಥ.

೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಸಾವಿರಾರು ಜನ ಅವರ ಹಿಂದೆ ಕುಡಿದರು. ಕೆರೆ ಮೈಲಿಗೆಯಾಯಿತೆಂದು ಮೇಲ್ಜಾತಿಯವರು ಅದನ್ನು ‘ಶುದ್ಧ’ ಮಾಡಿದರು. ಹೇಗೆ? ಹಾಲು, ಮೊಸರು, ಸಗಣಿ, ಗಂಜಲ ಬೆರೆಸಿದ ೧೦೮ ಮಡಕೆಗಳನ್ನು ಮಂತ್ರ ಹೇಳಿ ಕೆರೆಗೆ ಸುರಿದು! ಗೆಳೆಯರೇ, ನಿಮ್ಮ ಪುಸ್ತಕ ತೆಗೆದು ನೋಡಿ. ಕುಡಿಯುವ ನೀರನ್ನು ಶುದ್ಧ ಮಾಡಲು ಸೋಸಬೇಕು, ಕುದಿಸಬೇಕು, ಇಲ್ಲವೇ ಕ್ಲೋರಿನ್ ಬೆರೆಸಬೇಕು ಎಂದಿದೆ. ನೂರೆಂಟು ಮಡಕೆ ಸಗಣಿ ಗಂಜಲ ಸುರಿಯಿರಿ ಎಂದು ಯಾವ ಪುಟದಲ್ಲಿದೆ? ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ನೀರು ಅಷ್ಟೇ. ಯಾರು ಮುಟ್ಟಿದರೂ ಅದು ಮೂರಾಗುವುದಿಲ್ಲ. ಮಹಾಡಿನ ದಿನ ನೀರನ್ನು ನೀರಾಗಿ ಕಂಡವರು ಕುಡಿದವರು. ಕೊಳಕು ಮಾಡಿದವರು ಶುದ್ಧ ಮಾಡಲು ಬಂದವರು.

ಮೂಲವಸ್ತುಗಳ ಪಟ್ಟಿಯನ್ನೇ ನೋಡಿ. ೧೮೬೯ರಲ್ಲಿ ರಷ್ಯಾದ ಮೆಂಡಲೀವ್ ಆಗ ಗೊತ್ತಿದ್ದ ೬೩ ಮೂಲವಸ್ತುಗಳನ್ನು ಸಾಲಾಗಿ ಜೋಡಿಸಿದ. ಇನ್ನೂ ಯಾರೂ ಕಾಣದ ವಸ್ತುಗಳಿಗಾಗಿ ಖಾಲಿ ಮನೆಗಳನ್ನು ಬಿಟ್ಟ. ೧೮೮೬ರಲ್ಲಿ ಜರ್ಮೇನಿಯಂ ಸಿಕ್ಕಿ ಒಂದು ಮನೆ ತುಂಬಿತು. ೧೯೧೩ರಲ್ಲಿ ಮೋಸ್ಲಿ ಎಂಬ ತರುಣ, ಜೋಡಿಸಬೇಕಾದದ್ದು ತೂಕದ ಮೇಲಲ್ಲ, ಪರಮಾಣು ಸಂಖ್ಯೆಯ ಮೇಲೆ ಎಂದು ಪ್ರಯೋಗದಿಂದ ತೋರಿಸಿದ. ಪಟ್ಟಿ ತಿದ್ದಿಕೊಂಡಿತು. ಅದರ ಕೊನೆಯ ಸಾಲಿನ ಅನಿಲಗಳಿಗೆ ಇಂಗ್ಲಿಷಿನಲ್ಲಿ ನೋಬಲ್, ಅಂದರೆ ಕುಲೀನ ಎಂದು ಹೆಸರು. ಯಾರ ಜೊತೆಗೂ ಬೆರೆಯದ ಮಡಿವಂತ ಅನಿಲಗಳು ಎಂದು ಬಹಳ ಕಾಲ ನಂಬಿದ್ದರು. ೧೯೬೨ರಲ್ಲಿ ಬಾರ್ಟ್ಲೆಟ್ ಎಂಬುವವರು ಅದರಲ್ಲಿ ಒಂದಾದ ಝೆನಾನನ್ನು ಬೆರೆಸಿ ತೋರಿಸಿದರು. ಕುಲೀನತೆ ಅಲ್ಲಿಗೆ ಮುಗಿಯಿತು. ಮನುವಿನ ಪಟ್ಟಿಯಲ್ಲಿ ಖಾಲಿ ಮನೆ ಇದೆಯೇ? ಸಾಕ್ಷಿ ಕೊಟ್ಟರೆ ಅದು ತಿದ್ದಿಕೊಳ್ಳುತ್ತದೆಯೇ? ಇದನ್ನು ಕ್ಲಾಸಿನಲ್ಲಿ ಕೇಳಿ.

ಇಂಥ ಪಾಠವನ್ನು ದೆಹಲಿಯ ಎನ್.ಸಿ.ಇ.ಆರ್.ಟಿ. ೨೦೨೩ರಲ್ಲಿ ತನ್ನ ಹತ್ತನೇ ತರಗತಿಯ ಪುಸ್ತಕದಿಂದ ಕಿತ್ತುಹಾಕಿತು. ಮಕ್ಕಳಿಗೆ ಹೊರೆ ಕಮ್ಮಿ ಮಾಡಲು ಎಂದರು, ಹನ್ನೊಂದನೇ ತರಗತಿಯಲ್ಲಿ ಇದೆಯಲ್ಲ ಎಂದರು. ಇದೆ, ಸೈನ್ಸ್ ತೆಗೆದುಕೊಂಡವರಿಗೆ. ಹತ್ತಕ್ಕೇ ಓದು ಬಿಟ್ಟು ಗಾರೆ ಕೆಲಸಕ್ಕೆ ಹೋಗುವ ಹುಡುಗ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಅದನ್ನು ಎಲ್ಲಿ ಓದಬೇಕು? ಹೊರೆ ಇಳಿಸುವ ಹೆಸರಿನಲ್ಲಿ ಯಾರ ತಲೆಯಿಂದ ಏನನ್ನು ಇಳಿಸುತ್ತಾರೆ ಎಂದು ನಾವು ಗಮನಿಸುತ್ತಿರಬೇಕು.

ಹಾಸ್ಟೆಲ್ಲಿನಿಂದ ಹೊರಟವರು

ತಲೆಗೆ ಹತ್ತಲ್ಲ ಎನ್ನುವವರಿಗೆ ಇಬ್ಬರ ಹೆಸರು ಹೇಳಿ.

ಢಾಕಾ ಬಳಿಯ ಹಳ್ಳಿಯೊಂದರಲ್ಲಿ ೧೮೯೩ರಲ್ಲಿ ಹುಟ್ಟಿದ ಮೇಘನಾದ ಸಾಹಾ, ಕೀಳೆಂದು ಎಣಿಸಲಾಗಿದ್ದ ಜಾತಿಯ ಸಣ್ಣ ಅಂಗಡಿಯವನ ಮಗ. ಕಲ್ಕತ್ತೆಯಲ್ಲಿ ಪ್ರಫುಲ್ಲಚಂದ್ರ ರಾಯರ ಶಿಷ್ಯ. ಅಲ್ಲಿನ ಈಡನ್ ಹಿಂದೂ ಹಾಸ್ಟೆಲ್ಲಿನಲ್ಲಿ ಮೇಲ್ಜಾತಿಯ ಹುಡುಗರು ಅವರ ಜೊತೆ ಕೂತು ಉಣ್ಣಲು ಒಪ್ಪಲಿಲ್ಲ. ಅದೇ ಸಾಹಾ ೧೯೨೦ರಲ್ಲಿ, ಸುಡುವ ನಕ್ಷತ್ರಗಳಲ್ಲಿ ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಳ್ಳುವುದನ್ನು ಒಂದು ರಾಸಾಯನಿಕ ಕ್ರಿಯೆಯಂತೆ ಲೆಕ್ಕ ಹಾಕಿ ತೋರಿಸಿದರು. ನಕ್ಷತ್ರದಲ್ಲಿ ಏನಿದೆ ಎಂದು ತಿಳಿಯಲು ಜಗತ್ತು ಇವತ್ತಿಗೂ ಆ ಸಮೀಕರಣ ಬಳಸುತ್ತದೆ.

ಇನ್ನೊಬ್ಬರು ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಪರ್ಸಿ ಜೂಲಿಯನ್. ಗುಲಾಮರ ಮೊಮ್ಮಗ. ೧೯೧೬ರಲ್ಲಿ ಡಿಪಾ ಎಂಬ ಕಾಲೇಜಿಗೆ ಸೇರ್ಪಡೆಯಾದಾಗ ಅಲ್ಲಿನ ಹಾಸ್ಟೆಲ್ಲಿನಲ್ಲಿ ಕಪ್ಪು ಹುಡುಗರಿಗೆ ಜಾಗವಿರಲಿಲ್ಲ. ಬಿಳಿಯರ ಮನೆಯೊಂದರಲ್ಲಿ ಊಟ ಬಡಿಸುವ ಕೆಲಸ ಮಾಡಿ ನೆಲೆ ಕಂಡುಕೊಂಡರು. ಅವರ ಊರಿನಲ್ಲಿ ಕಪ್ಪು ಮಕ್ಕಳಿಗೆ ಸರಿಯಾದ ಹೈಸ್ಕೂಲೇ ಇಲ್ಲದ ಕಾರಣ, ಕಾಲೇಜಿನ ಪಾಠದ ಜೊತೆಗೇ ಹೈಸ್ಕೂಲಿನ ಪಾಠವನ್ನೂ ಓದಬೇಕಾಯಿತು. ೧೯೨೦ರಲ್ಲಿ ತರಗತಿಗೇ ಮೊದಲಿಗರಾಗಿ ಪಾಸಾದರು. ೧೯೩೫ರಲ್ಲಿ ಕಣ್ಣಿನ ಗ್ಲಾಕೋಮಾ ರೋಗದ ಔಷಧಿಯನ್ನು ಲ್ಯಾಬಿನಲ್ಲಿ ತಯಾರಿಸಿ ತೋರಿಸಿದರು. ೧೯೫೦ರಲ್ಲಿ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡದ್ದಕ್ಕೆ ಆ ಮನೆಗೆ ಬೆಂಕಿ ಇಟ್ಟರು. ಅವರು ಮನೆ ಬಿಡಲಿಲ್ಲ, ಲ್ಯಾಬನ್ನೂ ಬಿಡಲಿಲ್ಲ.

ನಮ್ಮ ಕಷ್ಟ ಬೇರೆ ಥರದ್ದು. ಹತ್ತರವರೆಗೆ ಕನ್ನಡದಲ್ಲಿ ಆಮ್ಲ, ಸಾರತೆ, ಉತ್ಕರ್ಷಣ ಎಂದು ಓದಿದವರು ಪಿಯುಸಿಗೆ ಬಂದ ದಿನ ಎಲ್ಲವೂ ಇಂಗ್ಲಿಷ್ ಆಗಿರುತ್ತದೆ. ಆಸಿಡ್, ಕಾನ್ಸಂಟ್ರೇಶನ್, ಆಕ್ಸಿಡೇಶನ್. ವಿಷಯ ಗೊತ್ತಿದ್ದರೂ ಪದ ಗೊತ್ತಿಲ್ಲ. ಮೊದಲ ಟೆಸ್ಟಿನಲ್ಲಿ ಫೇಲಾಗುತ್ತಾರೆ, ಎರಡನೆಯದರಲ್ಲಿ ಹೆದರುತ್ತಾರೆ, ದೀಪಾವಳಿ ಹೊತ್ತಿಗೆ ಟಿ.ಸಿ. ತಗೊಂಡು ಹೋಗುತ್ತಾರೆ. ಆಮೇಲೆ ‘ಅವರಿಗೆ ತಲೆ ಇಲ್ಲ’ ಎಂಬ ಮಾತು. ತಲೆಯ ಕೊರತೆ ಎಲ್ಲಿ ಬಂತು? ಇನ್ನೂರು ಪದಗಳ ಒಂದು ಪಟ್ಟಿಯ ಕೊರತೆ ಅದು. ಆ ಪಟ್ಟಿಯನ್ನು ಬೇಸಿಗೆ ರಜೆಯಲ್ಲೇ ನಾವು ಮಾಡಿಕೊಡಬಹುದು.

ನಮ್ಮ ಚಳವಳಿಯ ಗೆಳೆಯರಿಗೂ ಒಂದು ಮಾತು. ನಮ್ಮಲ್ಲಿ ಹಾಡುಗಾರರಿದ್ದಾರೆ, ಕವಿಗಳಿದ್ದಾರೆ, ವಕೀಲರಿದ್ದಾರೆ. ಹೆಮ್ಮೆಯೇ. ಆದರೆ ಕೇರಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆಯೇ ಎಂದು ಪರೀಕ್ಷೆ ಮಾಡುವವರು ಯಾರು? ಪಾವಗಡ, ಕೋಲಾರದ ಕಡೆ ಈ ನೀರು ಕುಡಿದು ಮಕ್ಕಳ ಹಲ್ಲು ಕಂದಾಗಿದೆ, ದೊಡ್ಡವರ ಮೂಳೆ ಬಾಗಿದೆ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ ಎಂದು ಅಧಿಕಾರಿಯ ಮೇಜಿನ ಮುಂದೆ ನಿಂತು ಹೇಳಲು ಅಳೆದ ಚೀಟಿ ಬೇಕು. ಘೋಷಣೆಗೆ ಅವರು ಕಿವಿ ಮುಚ್ಚಿಕೊಳ್ಳಬಹುದು. ಘೋಷಣೆಯ ಜೊತೆ ಅಳತೆಯೂ ಇದ್ದರೆ ಮುಚ್ಚಿಕೊಳ್ಳುವುದು ಕಷ್ಟ.

ಆದ್ದರಿಂದ ಹಾಸ್ಟೆಲ್ಲುಗಳಲ್ಲಿ ಈ ವರ್ಷದಿಂದಲೇ ಈ ಕೆಲಸಗಳು ಶುರುವಾಗಲಿ:

೧. ಲ್ಯಾಬಿನ ಬೀಗ ತೆಗೆಸಿ. ಪುಸ್ತಕದಲ್ಲಿರುವ ಪ್ರತಿ ಪ್ರಯೋಗವನ್ನೂ ನಮ್ಮ ಕೈಯಿಂದಲೇ ಮಾಡಿಸಬೇಕೆಂದು ಹೆಡ್‌ಮಾಸ್ಟರಿಗೆ ಎಲ್ಲರೂ ಸಹಿ ಮಾಡಿ ಅರ್ಜಿ ಕೊಡಿ. ಒಬ್ಬೊಬ್ಬರೇ ಹೋಗಬೇಡಿ.

೨. ವಾರಕ್ಕೆ ಒಂದು ಸಂಜೆ, ಸೈನ್ಸ್ ಓದುವ ಅಣ್ಣ ಅಕ್ಕಂದಿರು ಹೈಸ್ಕೂಲಿನವರನ್ನು ಕೂರಿಸಿಕೊಂಡು ಕಲಿಸಲಿ. ಅರಿಶಿನಕ್ಕೆ ಸುಣ್ಣದ ನೀರು ಹಾಕಿ, ಕೆಂಪಾಗುವುದನ್ನು ನೋಡಿ. ನಿಂಬೆರಸ ಹಿಂಡಿ, ಮತ್ತೆ ಹಳದಿಯಾಗುತ್ತದೆ. ದಾಸವಾಳದ ಹೂ ಉಜ್ಜಿದ ಚಾಕುವಿನಿಂದ ನಿಂಬೆಹಣ್ಣು ಕೊಯ್ದು ‘ರಕ್ತ’ ಬರಿಸಿ ತೋರಿಸಿ. ನಮ್ಮ ಕೇರಿಗೆ ಬಂದು ಮಾಟ ತೆಗೆಯುತ್ತೇನೆಂದು ದುಡ್ಡು ಕೀಳುವ ಮಂತ್ರವಾದಿಯ ಕಸುಬು ಅಲ್ಲಿಗೆ ಬಂದ್ ಆಗುತ್ತದೆ.

೩. ಕನ್ನಡ–ಇಂಗ್ಲಿಷ್ ಪದಗಳ ಪಟ್ಟಿ ಮಾಡಿ ಪಿಯುಸಿಗೆ ಹೋಗುವ ಪ್ರತಿಯೊಬ್ಬರ ಕೈಗೂ ಕೊಡಿ.

೪. ಮ್ಯಾನ್‌ಹೋಲಿನ ಅನಿಲ, ಚರ್ಮದ ಹದ, ಕುಡಿಯುವ ನೀರಿನ ಪರೀಕ್ಷೆ ಇವು ಪಠ್ಯಪುಸ್ತಕದಲ್ಲಿ ಬರಬೇಕೆಂದು ಸರ್ಕಾರವನ್ನು ಒತ್ತಾಯಿಸಿ.

೫. ಆಸೆಯಿದ್ದೂ ಹೆದರಿಕೆಯಿಂದ ಸೈನ್ಸ್ ಬಿಡುವವರು ಒಬ್ಬರೂ ಇರಬಾರದು. ಆರ್ಟ್ಸ್ ಓದುವವರು ಇಷ್ಟಪಟ್ಟು ಓದಲಿ, ತಳ್ಳಿಸಿಕೊಂಡು ಓದುವುದು ಬೇಡ.

ಸಾವಿರಾರು ವರ್ಷ ಬೇರೆ ಬೇರೆ ಬೀದಿಯಲ್ಲಿಟ್ಟಿದ್ದ ಕೈಯೂ ತಲೆಯೂ ಕೂಡುವುದಾದರೆ ಅದು ಮೊದಲು ನಿಮ್ಮ ಮೈಯಲ್ಲೇ ಕೂಡಬೇಕು. ಸುಣ್ಣ ಸುಟ್ಟವರ, ತೊಗಲು ಹದ ಮಾಡಿದವರ, ಗುಂಡಿಗೆ ಇಳಿದವರ ಮಕ್ಕಳು ನೀವು. ಪ್ರನಾಳ ನಿಮ್ಮ ಕೈಗೆ ಬರಲಿ.

ಲ್ಯಾಬಿನ ಬಾಗಿಲು ತೆಗೆಯಿರಿ!

ಜೈ ಭೀಮ್.